ಶುಕ್ರವಾರದ ಕಂತು

ಕಂತು ಎತ್ತಲು ನಾನು ಮೊದಲು ಗೊತ್ತುಮಾಡಿಕೊಂಡ ದಿನ ಶುಕ್ರವಾರ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಗುರುವಾರ ಸಂಜೆ ವಾರದ ಬಟವಾಡೆ, ಶುಕ್ರವಾರ ರಜೆ. ಕೈಯಲ್ಲಿ ಕೂಲಿ ಇರುತ್ತದೆ, ಹೆಂಗಸರು ಮನೆಯಲ್ಲೇ ಸಿಗುತ್ತಾರೆ, ತಲೆಗೆ ನೀರು ಹಾಕಿಕೊಂಡು ಒಂದಿಷ್ಟು ಬಿಡುವಾಗಿರುತ್ತಾರೆ. ಹೀಗೆಲ್ಲ ಯೋಚಿಸಿ ಹೊಸ ಡೈರಿಯಲ್ಲಿ ‘ಶುಕ್ರವಾರ, ಭಟ್ಟಿ ಸಾಲು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ಅಂಚೆ ಕಚೇರಿಯ ಆರ್.ಡಿ. ಖಾತೆಗಳಿಗೆ ಕಂತು ಎತ್ತಿ ಕಟ್ಟುವ ಏಜೆಂಟ್ ಕೆಲಸ ಹಿಡಿದು ಆಗ ನನಗೆ ತಿಂಗಳೂ ತುಂಬಿರಲಿಲ್ಲ. ತಿಂಗಳಿಗೆ ಇಷ್ಟು ಎಂದು ಐದು ವರ್ಷ ಕಟ್ಟುತ್ತಾ ಹೋಗುವುದು, ಕೊನೆಗೆ ಬಡ್ಡಿ ಸೇರಿ ಒಟ್ಟಿಗೆ ಬರುವುದು; ಅಷ್ಟೇ ಅದರ ಕಥೆ. ಮೊದಲ ಖಾತೆ ನನ್ನದೇ. ನಲವತ್ತೆಂಟು ವರ್ಷಕ್ಕೆ ನನ್ನ ಹೆಸರಲ್ಲಿ ಒಂದು ಪಾಸ್‌ಬುಕ್ಕು ಬಂದದ್ದೂ ಅದೇ ಮೊದಲು. ಉಳಿತಾಯ ಎಂದರೆ ಅಲ್ಲಿಯವರೆಗೆ ನನಗೆ ಬೇಳೆ ಡಬ್ಬಿಯ ತಳ ಅಷ್ಟೇ ಆಗಿತ್ತು. ಭಟ್ಟಿ ಸಾಲಿನಲ್ಲಿ ಹತ್ತು ಹೆಂಗಸರು ನನ್ನ ಮಾತು ನಂಬಿ ಖಾತೆ ತೆರೆದಿದ್ದರು. ಅವರೂ ಹೊಸಬರು, ನಾನೂ ಹೊಸಬಳು.

ಆ ಶುಕ್ರವಾರ ಬೆಳಗ್ಗೆ ರೊಟ್ಟಿ, ಹೆಸರುಕಾಳು ಪಲ್ಯ ಮಾಡಿಟ್ಟು, ಯಜಮಾನರ ಬುತ್ತಿ ಕಟ್ಟಿ, ಆವರಗೆರೆಯಿಂದ ಬಸ್ಸು ಹಿಡಿದು ಹತ್ತು ಗಂಟೆಗೆ ಅಲ್ಲಿದ್ದೆ. ಹತ್ತು ಮನೆಗಳಲ್ಲಿ ಏಳು ಮನೆಯವರು ಕೂರಿಸಿದರು, ಚಹಾ ಕೊಟ್ಟರು, ಕಂತು ಮಾತ್ರ ಕೊಡಲಿಲ್ಲ. ಕೊನೆಗೆ ಅವರಲ್ಲಿ ಒಬ್ಬಳು, ಭಟ್ಟಿಯಲ್ಲಿ ಜರಡಿ ಹಿಡಿಯುವ ಹೆಂಗಸು, ಬಾಯಿಬಿಟ್ಟಳು.

“ಇವತ್ತು ಶುಕ್ರವಾರ ಅಲ್ಲೇನ್ರಿ ಅಕ್ಕಾರೆ. ಕೂಡ್ರಿ, ಇನ್ನೊಂದ್ ಗುಟುಕು ಚಾ ಕುಡೀರಿ. ದುಡ್ಡು ಮಾತ್ರ ಕೇಳಬ್ಯಾಡ್ರಿ.”

ನನಗೆ ನಾಚಿಕೆಯಾಯಿತು. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದೆಂದು ನಾನೇ ಹಾಲಿನವನನ್ನು ಶನಿವಾರಕ್ಕೆ ಹೇಳಿ ಕಳಿಸುವವಳು. ಮನೆ ಹೊಸ್ತಿಲೊಳಗೆ ಪಾಲಿಸುವುದನ್ನು ಅಂಚೆ ಕಚೇರಿಯ ಚೀಲ ಹೆಗಲಿಗೆ ಬಂದೊಡನೆ ಮರೆತುಬಿಟ್ಟಿದ್ದೆ.

ಸಾಲಿನ ಕೊನೆಯ ಮನೆ ಆಪಾ ಅವರದು. ಎಲ್ಲರಿಗೂ ಅವರು ಆಪಾ. ಅರವತ್ತರ ಹತ್ತಿರದ ಹೆಂಗಸು, ಅದೇ ಭಟ್ಟಿಯಲ್ಲಿ ಚೀಲ ಹೊಲಿಯುತ್ತಾರೆ, ಜೊತೆಗೆ ಇಪ್ಪತ್ತು ಜನರ ಸಣ್ಣ ಚೀಟಿ ನಡೆಸುತ್ತಾರೆ. ನಾನು ಅವರ ಚೀಟಿಗೆ ಅಡ್ಡ ಬಂದವಳು ಎಂದು ಸಿಟ್ಟಾಗಬಹುದು ಅಂದುಕೊಂಡಿದ್ದೆ. ಅವರು ನಕ್ಕರು.

“ನನ್ ಚೀಟಿ ಗುರುವಾರ ಭಟ್ಟಿ ಬಾಗ್ಲಾಗೇ ಎತ್ತೋದು. ಪಗಾರ ಕೈಯಿಂದ ಸೆರಗಿನ ಗಂಟಿಗೆ ಹೋಗೋದ್ರೊಳಗೆ ಎತ್ತಬೇಕವ್ವ. ಗಂಟಿಗೆ ಹೋತು ಅಂದ್ರೆ ಮುಗೀತು, ಅದು ನಂದೂ ಅಲ್ಲ, ನಿಂದೂ ಅಲ್ಲ.”

ಮುಂದಿನ ಗುರುವಾರದಿಂದ ಅವರ ಪಕ್ಕದಲ್ಲೇ ನನಗೊಂದು ಖಾಲಿ ಡಬ್ಬ ಬೋರಲು ಹಾಕಿ ಕೂರಲು ಜಾಗ ಮಾಡಿಕೊಟ್ಟರು. ತಾವು ಮಾತ್ರ ಖಾತೆ ತೆರೆಯಲಿಲ್ಲ. ಬಡ್ಡಿ ನಮಗೆ ಬ್ಯಾಡ ಅಂದರು. ನಾನೂ ಒತ್ತಾಯ ಮಾಡಲಿಲ್ಲ. ತಿಂಗಳಿಗೆ ಒಂದೇ ಸಲ ಐನೂರು ಕೇಳಿದರೆ ಯಾರಿಗೂ ಆಗುತ್ತಿರಲಿಲ್ಲ; ಆಪಾ ಹೇಳಿಕೊಟ್ಟಂತೆ ಗುರುವಾರಕ್ಕೆ ನೂರಿಪ್ಪತ್ತೈದು ಮಾಡಿದೆ. ಪ್ರತಿ ಸಲವೂ ಅವರವರ ಕಾರ್ಡಿನಲ್ಲಿ ಮೊತ್ತ ಬರೆದು ಸಹಿ ಹಾಕುವುದು, ಡೈರಿಯಲ್ಲಿ ಬರೆಯುವುದು, ತಿಂಗಳು ತುಂಬಿದ ಮೇಲೆ ಪಟ್ಟಿ ಮಾಡಿ ಕೌಂಟರಿಗೆ ಕಟ್ಟುವುದು.

ಜರಡಿ ಹಿಡಿಯುವವಳ ವಿಷಯ ಸ್ವಲ್ಪ ಹೇಳಬೇಕು. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾದ ಮೇಲೆ, ಮರಳನ್ನು ಬೇರೆ ಮಾಡಲು ಜರಡಿಗೆ ಸುರಿಯುತ್ತಾರೆ. ಆ ಜರಡಿಯ ಮುಂದೆ ಅವಳು ಹದಿನಾರು ವರ್ಷದಿಂದ ನಿಂತಿದ್ದಳು. ಮೇಲೆ ಹೊಟ್ಟಿನ ಹೊಗೆ, ಕೆಳಗೆ ಮರಳಿನ ಧೂಳು. ಮೂಗಿಗೆ ಸೆರಗು ಕಟ್ಟಿಕೊಂಡೇ ಇರುತ್ತಿದ್ದಳು, ಆದರೂ ಎರಡು ಮಾತಿಗೊಂದು ಕೆಮ್ಮು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಧೂಳಿನಿಂದ ದೂರ ಇರು ಎಂದು ಹೇಳಿ ಮಾತ್ರೆ ಕೊಟ್ಟಿದ್ದರಂತೆ. ಮಾತ್ರೆ ಮುಗಿದಿತ್ತು, ಧೂಳು ಮುಗಿದಿರಲಿಲ್ಲ. ಹರಿಹರದಲ್ಲಿ ತಂಗಿಯ ಮನೆಯ ತಿರುವಿನಲ್ಲಿ ಒಂದು ತಳ್ಳುವ ಗಾಡಿ ಇಟ್ಟುಕೊಂಡು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಬೇಕೆಂಬುದು ಅವಳ ಆಸೆ. ಗಾಡಿ, ಬಾಣಲೆ, ಒಲೆ, ಸಿಲಿಂಡರ್ ಎಲ್ಲಾ ಸೇರಿ ಮೂವತ್ತು ಮೂವತ್ತೈದು ಸಾವಿರ ಬೇಕು. ಐನೂರರಂತೆ ಐದು ವರ್ಷ ಕಟ್ಟಿದರೆ ಅಷ್ಟು ಆಗುತ್ತದೆ ಎಂದು ನಾನು ಲೆಕ್ಕ ಮಾಡಿ ತೋರಿಸಿದಾಗ ಅವಳು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು.

ಅರ್ಜಿ ತುಂಬುವಾಗ ನಾಮಿನಿ ಯಾರು ಎಂದು ಕೇಳಿದೆ. ಹಾಗಂದರೆ ಏನು ಅಂದಳು, ಹೇಳಿದೆ.

“ನಾನು ಸತ್ತಮ್ಯಾಲೆ ಯಾರು ತಗಳ್ಳಾದು ಅಂತ ಮೊದಲನೇ ದಿನಾನೇ ಕೇಳ್ತೀರಲ್ರಿ,” ಎಂದು ನಕ್ಕು, ಕೆಮ್ಮಿ, ತಂಗಿಯ ಹೆಸರು ಬರೆಸಿದಳು. ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಹೆಸರು ಅರ್ಜಿಯಲ್ಲಿ ಬರೆಯಲೇಬೇಕಾದ ಜಾಗದಲ್ಲಿ ಮಾತ್ರ ಬರೆಸಿದಳು.

ಕಾರ್ತಿಕದಲ್ಲಿ ತೆರೆದ ಖಾತೆ. ಬೇಸಿಗೆ ಮುಗಿಯುವವರೆಗೆ ಒಂದು ಕಂತೂ ತಪ್ಪಲಿಲ್ಲ. ಅಕ್ಷರ ಓದಲು ಅವಳಿಗೆ ಕಷ್ಟ, ಸಹಿ ಮಾತ್ರ ಕಲಿತಿದ್ದಳು. ಪಾಸ್‌ಬುಕ್ಕು ಪ್ರಿಂಟಾಗಿ ಬಂದಾಗಲೆಲ್ಲ ಸಾಲುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ದಂಡದ ಸಾಲು ಎಲ್ಲಿ ಬರುತ್ತದೆ ಎಂದು ಬೇರೆಯವರ ಪುಸ್ತಕದಲ್ಲಿ ನೋಡಿಕೊಂಡು, ತನ್ನದರಲ್ಲಿ ಅಂಥದ್ದು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಆಮೇಲೆ ಮಳೆಗಾಲ ಬಂತು.

ಮಳೆಗಾಲದಲ್ಲಿ ಭಟ್ಟಿ ನಿಂತಂತೆಯೇ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ನೆನೆಸಿ ಬೇಯಿಸಿದ ಭತ್ತ ಬಿಸಿಲಿಗೆ ಒಣಗಬೇಕು. ಬಿಸಿಲಿಲ್ಲದಿದ್ದರೆ ಅಕ್ಕಿಯಿಲ್ಲ, ಅಕ್ಕಿಯಿಲ್ಲದಿದ್ದರೆ ಮಂಡಕ್ಕಿಯಿಲ್ಲ. ಕೂಲಿ ಚೀಲದ ಲೆಕ್ಕ. ಜೂನ್‌ನಲ್ಲಿ ವಾರಕ್ಕೆ ಎರಡು ದಿನ ಕೆಲಸವಾದರೆ ಹೆಚ್ಚು. ಆರು ಮಂದಿ ದಂಡ ಬಿದ್ದರೆ ಬೀಳಲಿ, ಬಿಸಿಲು ಬಂದಮೇಲೆ ಕಟ್ಟುತ್ತೇವೆ ಎಂದರು. ತಿಂಗಳಿಗೆ ಐದು ರೂಪಾಯಿ ದಂಡ ಅವರಿಗೆ ದೊಡ್ಡದೆನಿಸಲಿಲ್ಲ. ಇವಳು ಮಾತ್ರ ಪುಸ್ತಕ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಳು. ನನಗೆ ತಡೆಯಲಾಗಲಿಲ್ಲ. ಈ ತಿಂಗಳದ್ದು ನಾನು ಹಾಕಿರುತ್ತೇನೆ, ಆದಾಗ ಕೊಡುವೆಯಂತೆ ಎಂದೆ. ದುಡ್ಡು ಕೈಗೆ ಬಾರದೆಯೇ ಅವಳ ಕಾರ್ಡಿಗೆ ಸಹಿ ಹಾಕಿದೆ.

ಕೆಲಸಕ್ಕೆ ಸೇರಿದ ದಿನವೇ ಕೌಂಟರಿನ ಮೇಡಂ ನನಗೆ ಹೇಳಿದ್ದರು: ಯಾರ ಕಂತನ್ನೂ ನಿಮ್ಮ ಕೈಯಿಂದ ಕಟ್ಟಬ್ಯಾಡ್ರಿ, ಹಣ ಎಣಿಸಿಕೊಳ್ಳದೆ ಸಹಿ ಹಾಕಬ್ಯಾಡ್ರಿ. ಆಗ ಅದು ಮೋಸ ಮಾಡುವವರಿಗೆ ಹೇಳುವ ಮಾತು ಎಂದುಕೊಂಡಿದ್ದೆ. ಜುಲೈನಲ್ಲೂ ನಾನೇ ಹಾಕಿದೆ. ಮನೆ ಖರ್ಚಿನಲ್ಲಿ ಸಾವಿರ ರೂಪಾಯಿ ಕಡಿಮೆ ಬಿದ್ದದ್ದನ್ನು ಯಜಮಾನರಿಗೆ ಗೊತ್ತಾಗದ ಹಾಗೆ ತರಕಾರಿಯಲ್ಲಿ ಸರಿದೂಗಿಸಿದೆ. ಒಳ್ಳೆಯದು ಮಾಡಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು, ಸುಳ್ಳು ಹೇಳಬಾರದು.

ಆಗಸ್ಟ್ ಮೊದಲ ಗುರುವಾರ ಅವಳು ಇರಲಿಲ್ಲ. ಎರಡನೆಯ ಗುರುವಾರವೂ ಇಲ್ಲ. ತನ್ನ ತಂಗಿಯ ಊರಿಗೆ ಹೋಗ್ಯಾಳೆ, ಗದ್ದೆ ಕೆಲಸಕ್ಕೆ ಅಂದರು ಆಪಾ. ಫೋನು ಮಾಡಿದರೆ ಸ್ವಿಚ್ ಆಫ್. ಗಣಪತಿ ಹಬ್ಬ ಹೋಯಿತು, ದಸರೆ ಹೋಯಿತು, ಬಿಸಿಲು ಬಂದು ಭಟ್ಟಿ ಮತ್ತೆ ಹೊತ್ತಿತು, ದಂಡ ಸಹಿತ ಉಳಿದವರೆಲ್ಲ ಬಾಕಿ ತೀರಿಸಿದರು. ಅವಳ ಜಾಗದಲ್ಲಿ ಬೇರೆ ಯಾರೋ ಜರಡಿ ಹಿಡಿದಿದ್ದರು.

ಹೋಗಿ ಹುಡುಕಬಹುದಿತ್ತು. ಹರಿಹರ ಎಷ್ಟು ದೂರ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ಹೋದರೆ ನನ್ನ ಸಾವಿರ ಕೇಳಲು ಬಂದೆ ಅಂದುಕೊಂಡಾಳು ಎಂಬ ಸಂಕೋಚ. ಹೀಗೆ ನಾಳೆ ನಾಡಿದ್ದು ಎನ್ನುತ್ತಾ ನವೆಂಬರ್ ಮುಗಿಯಿತು. ಡಿಸೆಂಬರ್ ಪಟ್ಟಿ ಮಾಡಲು ಕೂತಾಗ ಅವಳ ಖಾತೆಯನ್ನು ಸೇರಿಸಲು ಬರಲೇ ಇಲ್ಲ. ಮೇಡಂ ನೋಡಿ ಹೇಳಿದರು. ನಾಲ್ಕು ಕಂತು ತಪ್ಪಿದೆ, ಖಾತೆ ನಿಂತಿದೆ. ಎರಡು ತಿಂಗಳೊಳಗೆ ಬಾಕಿ, ದಂಡ ಎಲ್ಲಾ ಕಟ್ಟಿದರೆ ಮತ್ತೆ ನಡೆಸಬಹುದು. ಜನವರಿ ಕೊನೆಯ ಕೆಲಸದ ದಿನ ದಾಟಿದರೆ ಮುಂದೆ ಕಟ್ಟಲು ಬರುವುದಿಲ್ಲ, ಈವರೆಗೆ ಕಟ್ಟಿದ್ದು ಮಾತ್ರ ವಾಪಸ್ ಬರುತ್ತದೆ. ನಿಂತ ಖಾತೆಯಾದ್ದರಿಂದ ನಿಮ್ಮ ಪಟ್ಟಿಯಲ್ಲಿ ತರಬೇಡಿ, ಖಾತೆದಾರರೇ ಪುಸ್ತಕ ಹಿಡಿದು ಬರಲಿ ಎಂದರು.

ಒಂಬತ್ತು ಕಂತು, ನಾಲ್ಕೂವರೆ ಸಾವಿರ. ಅಷ್ಟು ಕೈಗೆ ಬಂದರೆ ಒಂದು ಹಬ್ಬಕ್ಕೋ ಒಂದು ಆಸ್ಪತ್ರೆ ಚೀಟಿಗೋ ಆಗಿಹೋಗುತ್ತದೆ. ಗಾಡಿ ಇಲ್ಲ. ಅವಳು ಮತ್ತೆ ಜರಡಿಯ ಮುಂದೆಯೇ ಬಂದು ನಿಲ್ಲಬೇಕು, ಆ ಕೆಮ್ಮು ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ.

ಆದರೂ ಡಿಸೆಂಬರ್ ಪೂರ್ತಿ ಫೋನಿನಲ್ಲೇ ಕಳೆದೆ. ಸಂಕ್ರಾಂತಿ ಮುಗಿದ ಶನಿವಾರ ಹೊರಟೆ. ಎಳ್ಳು ಬೆಲ್ಲ ಒಂದು ಪೊಟ್ಟಣ ಕಟ್ಟಿಕೊಂಡೆ, ಬರಿಗೈಲಿ ಹೋದರೆ ವಸೂಲಿಗೆ ಬಂದಂತೆ ಕಾಣುತ್ತದೆ ಎಂದು. ಹರಿಹರದಲ್ಲಿ ತಂಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ, ನಾಮಿನಿಯ ವಿಳಾಸ ನನ್ನ ಡೈರಿಯಲ್ಲೇ ಇತ್ತು. ಅಕ್ಕ ಭಾನುವಳ್ಳಿಗೆ ಹೋಗಿದ್ದಾಳೆ, ಬೇಸಿಗೆ ಭತ್ತದ ನಾಟಿ ನಡೆದಿದೆ, ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದಿದ್ದಾಳೆ, ಫೋನು ಕೆಟ್ಟು ಎಷ್ಟು ದಿನವಾಯಿತೋ ಎಂದಳು ತಂಗಿ. ಮತ್ತೊಂದು ಬಸ್ಸು ಹತ್ತಿದೆ.

ಕಾಲುವೆ ದಾಟಿ ಹೋದರೆ ಕೆಸರು ಗದ್ದೆಯಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುತ್ತಿದ್ದರು. ಎಲ್ಲರ ಮುಖವೂ ಆ ಕಡೆ. ನಾಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತಾ ಬರುತ್ತಾರಲ್ಲ, ಹಾಗಾಗಿ ನಾನು ಕೂತಿದ್ದ ಬದುವಿನ ಕಡೆಗೇ ಅವರು ಬೆನ್ನು ಮಾಡಿ ಬರುತ್ತಿದ್ದರು. ಎಡಗಡೆಯಿಂದ ಮೂರನೆಯವಳು ಎಂದು ಕೆಮ್ಮಿನಿಂದ ಗೊತ್ತಾಯಿತು. ಕರೆಯಲಿಲ್ಲ. ಮುಕ್ಕಾಲು ಗಂಟೆ ಎಳ್ಳು ಬೆಲ್ಲದ ಪೊಟ್ಟಣ ಹಿಡಿದುಕೊಂಡು ಕೂತೆ. ಹಿಮ್ಮಡಿ ಬದುವಿಗೆ ತಾಗಿದಾಗ ಸೊಂಟ ಹಿಡಿದು ನೆಟ್ಟಗಾಗಿ ತಿರುಗಿದಳು, ನನ್ನನ್ನು ನೋಡಿದಳು, ಕೆಸರಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡಳು.

“ನಾನೇ ಬರಾಕಿದ್ದೆ ಅಕ್ಕಾರೆ,” ಅಂದಳು.

ತಾನು ಉಳಿದಿದ್ದ ಮನೆಗೆ ಕರೆದುಕೊಂಡು ಹೋಗಿ, ಕೈಕಾಲು ತೊಳೆದು, ಟ್ರಂಕಿನಿಂದ ಒಂದು ಪೌಡರ್ ಡಬ್ಬಿ ತೆಗೆದಳು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಎರಡು ಸುರುಳಿ. ಒಂದನ್ನು ನನ್ನ ಮುಂದಿಟ್ಟು ಇದು ನಿಮ್ಮದು, ಸಾವಿರ ಅಂದಳು. ಇನ್ನೊಂದರಲ್ಲಿ ಎರಡು ಸಾವಿರದ ಇನ್ನೂರಿತ್ತು. ಆಗಸ್ಟ್‌ನಿಂದ ನಾಟಿ, ಕಳೆ, ಕೊಯ್ಲು ಎಂದು ದುಡಿದದ್ದರಲ್ಲಿ ತಿಂಗಳು ತಿಂಗಳೂ ತೆಗೆದಿಟ್ಟಿದ್ದಳು. ಅಂದರೆ ಅವಳ ಕಂತು ಒಂದು ದಿನವೂ ನಿಂತಿರಲಿಲ್ಲ; ಡಬ್ಬಿಯಿಂದ ಹೊರಗೆ ಬಂದಿರಲಿಲ್ಲ ಅಷ್ಟೇ. ನನ್ನ ಸಾವಿರ ತೀರಿಸುವವರೆಗೆ ನನಗೆ ಮುಖ ತೋರಿಸುವುದು ಹೇಗೆಂದು ಅದನ್ನು ಮೊದಲು ಕೂಡಿಹಾಕಿದ್ದಳು, ಆಮೇಲೆ ತಪ್ಪಿದ ಕಂತುಗಳನ್ನು. ಎಲ್ಲಾ ಪೂರ್ತಿಯಾದ ಮೇಲೆ ಒಟ್ಟಿಗೆ ತಂದುಕೊಡುವುದು ಎಂದಿದ್ದಳಂತೆ. ಖಾತೆ ನಿಂತುಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರೂ ಎಂದರೆ ನಾನು. ಅರ್ಜಿಯ ದಿನ ಬಡ್ಡಿ, ನಾಮಿನಿ ಎಲ್ಲಾ ಹೇಳಿದ್ದೆ, ಇದೊಂದನ್ನು ಬಿಟ್ಟಿದ್ದೆ.

ಡೈರಿ ತೆಗೆದು ಲೆಕ್ಕ ಮಾಡಿದೆ. ಜನವರಿ ಸೇರಿ ಆರು ಕಂತು, ಮೂರು ಸಾವಿರ. ದಂಡ ಎಪ್ಪತ್ತೈದು. ಎರಡೂ ಸುರುಳಿ ಸೇರಿಸಿದರೆ ಸೋಮವಾರವೇ ಮುಗಿದುಹೋಗುತ್ತಿತ್ತು. ನನ್ನದನ್ನು ಆಮೇಲೆ ನೋಡೋಣ, ಮೊದಲು ಖಾತೆ ಎಂದೆ. ಅವಳು ಸುರುಳಿಯನ್ನು ಇನ್ನೂ ನನ್ನ ಕಡೆಗೆ ಸರಿಸಿದಳು.

“ನಿಮ್ ದುಡ್ಡು ಹಾಕಿ ನಡೆಸಿದ್ರೆ ಆ ಪುಸ್ತಕ ನಂದು ಹೆಂಗಾಗ್ತೈತ್ರಿ? ಅದರಾಗ ಎರಡು ಸಾಲು ನಿಮ್ದು. ನಾನು ಎಣಿಸುವಾಗ ಆ ಎರಡು ಬಿಟ್ಟೇ ಎಣಸ್ತೀನಿ.”

ಉಳಿತಾಯ ಮಾಡಿಸಲು ಹೋದವಳು ಅವಳಿಗೆ ಸಾಲ ಹೊರಿಸಿ ಬಂದಿದ್ದೆ. ಆ ಸಾಲವೇ ಅವಳನ್ನು ಐದು ತಿಂಗಳು ನನ್ನಿಂದ ಅಡಗಿಸಿತ್ತು. ಈಗ ಬೇಡ ಎಂದರೆ ಮತ್ತೆ ಹೊರಿಸಿದಂತೆ. ತೆಗೆದುಕೊಂಡರೆ ಖಾತೆಗೆ ಎಂಟುನೂರ ಎಪ್ಪತ್ತೈದು ಕಡಿಮೆ ಬೀಳುತ್ತದೆ, ದಿನ ಉಳಿದದ್ದು ಹದಿಮೂರು.

ತೆಗೆದುಕೊಂಡೆ. ಎಣಿಸಿ ಪರ್ಸಿಗೆ ಹಾಕಿಕೊಂಡು, ಡೈರಿಯಲ್ಲಿ ಜೂನ್, ಜುಲೈ ಪುಟ ತೆರೆದು ಅವಳ ಹೆಸರಿನ ಮುಂದೆ ಬರೆದಿದ್ದ ಎರಡು ಐನೂರನ್ನು ಅವಳ ಎದುರಿಗೇ ಹೊಡೆದುಹಾಕಿದೆ. ಅವಳು ಆ ಗೀಟನ್ನು ಬಗ್ಗಿ ನೋಡಿದಳು. ಆಮೇಲೆ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡಳು, ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಇಬ್ಬರೂ ಕೂತು ಗುರುವಾರ ಎಣಿಸಿದೆವು. ತಿಂಗಳೊಳಗೆ ಎರಡು ಬಟವಾಡೆ ಸಿಗುತ್ತವೆ. ಒಪ್ಪಿಕೊಂಡ ನಾಟಿ ಭಾನುವಾರಕ್ಕೆ ಮುಗಿಯುತ್ತದೆ, ಸೋಮವಾರ ಭಟ್ಟಿಗೆ ಬರುತ್ತೇನೆ ಎಂದಳು. ಧೂಳಿನಿಂದ ಹೊರಗೆ ಬರಲು ಮತ್ತೆ ಧೂಳಿಗೇ ಕರೆಯುತ್ತಿದ್ದೇನಲ್ಲ ಎಂದು ನನಗೆ ಕಸಿವಿಸಿಯಾಯಿತು. ಅವಳಿಗೆ ಅದು ಹೊಳೆಯಲಿಲ್ಲವೋ, ಹೊಳೆದೂ ಆಡಲಿಲ್ಲವೋ.

ಸೋಮವಾರ ಬಂದಳು. ಜನವರಿಯ ಬಿಸಿಲಿಗೆ ಭಟ್ಟಿ ಭರಾಟೆಯಲ್ಲಿತ್ತು, ಭಟ್ಟಿಯ ಯಜಮಾನ ಸಾಹುಕಾರರು ಮರುಮಾತಾಡದೆ ಜರಡಿ ಕೊಟ್ಟರು. ಮೊದಲ ಗುರುವಾರ ಅಂಗಡಿ ಬಾಕಿ, ಮನೆ ಸಾಮಾನು ಎಲ್ಲಾ ಕಳೆದು ನಾನೂರು ಎತ್ತಿಟ್ಟಳು. ಉಳಿದದ್ದು ನಾನೂರ ಎಪ್ಪತ್ತೈದು. ಮುಂದಿನ ಗುರುವಾರ ಮೂವತ್ತನೇ ತಾರೀಖು, ಬಟವಾಡೆ. ಮೂವತ್ತೊಂದು ಶುಕ್ರವಾರ, ಕೊನೆಯ ಕೆಲಸದ ದಿನ. ಗುರುವಾರ ರಾತ್ರಿಯೇ ದುಡ್ಡನ್ನು ಪುಸ್ತಕದ ಜೊತೆ ಕಟ್ಟಿ ಆಪಾ ಮನೆಯಲ್ಲಿಟ್ಟು ಬಂದರೆ ಶುಕ್ರವಾರ ಮನೆಯಿಂದ ಕೊಟ್ಟ ಹಾಗಾಗುವುದಿಲ್ಲ ಎಂದು ಅವಳೇ ಉಪಾಯ ಮಾಡಿದ್ದಳು. ನಾನೂ ಹೂಂ ಎಂದಿದ್ದೆ.

ಆದರೆ ಬುಧವಾರ ಅಮಾವಾಸ್ಯೆ ಇತ್ತು. ಮಂಡಕ್ಕಿ ಕೊಳ್ಳುವ ಮಂಡಿಯವರು ಅಮಾವಾಸ್ಯೆ ದಿನ ಪೂಜೆ ಮಾಡಿ ಅಂಗಡಿ ಮುಚ್ಚುತ್ತಾರೆ, ಪೇಟೆಯಲ್ಲಿ ಒಂದು ರೂಪಾಯಿ ಕೈ ಬದಲಾಗುವುದಿಲ್ಲ. ಬುಧವಾರ ಬರಬೇಕಿದ್ದ ವಸೂಲಿ ಸಾಹುಕಾರರಿಗೆ ಬರಲಿಲ್ಲ. ಗುರುವಾರ ಸಂಜೆ ನಾನು, ಆಪಾ ಡಬ್ಬದ ಮೇಲೆ ಕೂತಿದ್ದೇವೆ, ಸಾಹುಕಾರರು ಹೊರಗೆ ಬಂದು ಬಟವಾಡೆ ನಾಳೆ ಹನ್ನೊಂದಕ್ಕೆ, ನಮಾಜಿಗೆ ಹೋಗುವ ಮುಂಚೆ ಕೊಟ್ಟುಬಿಡುತ್ತೇನೆ ಎಂದರು. ಬೇರೆಯವರು ಗೊಣಗಿಕೊಂಡು ಹೋದರು. ಅವಳು ನನ್ನ ಮುಖ ನೋಡಿದಳು.

ಶುಕ್ರವಾರ ಹನ್ನೊಂದೂವರೆಗೆ ಕೂಲಿ ಕೈಗೆ ಬಂತು. ಕೌಂಟರು ಹಣ ತೆಗೆದುಕೊಳ್ಳುವುದು ಎರಡು ಗಂಟೆಯವರೆಗೆ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದಳು. ನೋಟು ಹಿಡಿದುಕೊಂಡು ಭಟ್ಟಿಯ ಬಾಗಿಲಲ್ಲೇ ನಿಂತುಬಿಟ್ಟಳು. ಹನ್ನೆರಡಾಯಿತು.

ನನ್ನ ಪರ್ಸಿನಲ್ಲಿ ಅವಳು ಕೊಟ್ಟ ಸಾವಿರ ಹಾಗೇ ಇತ್ತು. ಉಳಿದದ್ದನ್ನೂ ಹೊಂದಿಸಿ ಅವಳ ಕೈಗೆ ಕೊಟ್ಟು, ನಾಳೆ ಶನಿವಾರ ಕೊಡುವೆಯಂತೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ಕೈ ಪರ್ಸಿನ ಮೇಲೇ ಇತ್ತು. ತಡೆದುಕೊಂಡೆ. ಆ ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಆ ಹತ್ತು ನಿಮಿಷ ಸುಮ್ಮನೆ ನಿಂತದ್ದು ಎನ್ನುತ್ತೇನೆ.

ಆಪಾ ಸೂಜಿಗೆ ದಾರ ಪೋಣಿಸುತ್ತಾ ಅಲ್ಲೇ ಕೂತಿದ್ದರು. “ಯಾಕವ್ವ, ನಿಮ್ ಲಕ್ಷ್ಮಿ ಪೋಸ್ಟಾಫೀಸಿಗೆ ಹೋದ್ರೆ ದಾರಿ ತಪ್ಪತಾಳೇನು? ನಿನ್ ಹೆಸರು ಬರೆದಿರೋ ಮನೀಗೇ ಹೋಗ್ತಾಳಲ್ಲ,” ಎಂದರು. “ನನ್ ಚೀಟೀಲಿ ಕೊಟ್ಟಿದ್ರೆ ಬ್ಯಾರೆಯೋರ ಮನೀಗೆ ಹೋಗ್ತಿದ್ಲು. ಅದಕ್ಕೆ ಬೇಕಾದ್ರೆ ಹೆದರು.”

ಅವಳು ನಗಲಿಲ್ಲ. ಸರ್ರನೆ ಮನೆ ಕಡೆ ಹೋದಳು. ಹಿಂದೆಯೇ ಹೋದೆ. ದೇವರ ಗೂಡಿನ ಮುಂದೆ ಒಂದು ಬೊಗಸೆ ಮಂಡಕ್ಕಿ ಸುರಿದು, ಅದರ ಮೇಲೆ ಕೂಲಿಯಿಂದ ಒಂದು ಹತ್ತರ ನೋಟು ಇಟ್ಟಳು. ಮನೆ ಬರಿದಾಗಲಿಲ್ಲ ಎನ್ನುವುದಕ್ಕೆ ಇರಬೇಕು, ಕೇಳಲಿಲ್ಲ. ಪೌಡರ್ ಡಬ್ಬಿಯ ಸುರುಳಿ, ಹೋದ ವಾರದ ನಾನೂರು, ಈವತ್ತಿನದು ಸೇರಿಸಿ ಮೂರು ಸಲ ಎಣಿಸಿ ಪಾಸ್‌ಬುಕ್ಕಿನೊಳಗಿಟ್ಟು ಎದೆಗೆ ಅವುಚಿಕೊಂಡಳು.

“ನೀವು ಮುಟ್ಟಬ್ಯಾಡ್ರಿ. ಜೊತೀಗೆ ಬರ್ರಿ,” ಅಂದಳು.

ಆಟೋ ಹಿಡಿದು ಅಂಚೆ ಕಚೇರಿಗೆ ಹೋದೆವು. ಕಚೇರಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಖಾತೆ ತೆರೆದಾಗಲೂ ಅರ್ಜಿ ನಾನೇ ಒಯ್ದಿದ್ದೆ. ಸಾಲು ಉದ್ದವಿತ್ತು, ತಿಂಗಳ ಕೊನೆ. ಚಲನ್ ನಾನು ತುಂಬಿದೆ, ಸಹಿ ಅವಳು ಮಾಡಿದಳು, ಒಂದೊಂದೇ ಅಕ್ಷರ ಕೂರಿಸಿ. ಹಿಂದಿನವರು ಬೇಗ ಮಾಡಮ್ಮ ಎಂದರು. ಒಂದು ಗಂಟೆ ನಲವತ್ತಕ್ಕೆ ಕೌಂಟರು ಸಿಕ್ಕಿತು. ಮೇಡಂ ಖಾತೆ ನೋಡಿ, ನನ್ನನ್ನು ನೋಡಿ, ಅವಳಿಗೆ ಹೇಳಿದರು: ದಂಡ ಎಪ್ಪತ್ತೈದು ಬೀಳ್ತದಮ್ಮ. ಗೊತ್ತೈತ್ರಿ ಅಂದಳು. ಅವಳೇ ಎಣಿಸಿ ಗಾಜಿನ ಕಿಂಡಿಯೊಳಗೆ ಕೈ ಹಾಕಿ ಕೊಟ್ಟಳು. ಕೊಡುವಾಗ ಒಂದು ಕ್ಷಣ ಬೆರಳು ಬಿಡಲಿಲ್ಲ, ಆಮೇಲೆ ಬಿಟ್ಟಳು.

ಪ್ರಿಂಟರು ಕಿರ್ರೆಂದು ಸಾಲು ಹೊಡೆಯಿತು. ಹೊರಗೆ ಮೆಟ್ಟಿಲ ಮೇಲೆ ಕೂತು ಬೆರಳಿಟ್ಟು ಎಣಿಸಿದಳು. ಹಳೆಯ ಒಂಬತ್ತು ಕಂತು, ಹೊಸ ಆರು. ಹದಿನೈದು. ಜೂನ್, ಜುಲೈ ಸಾಲುಗಳನ್ನು ಬಿಟ್ಟಿರಲಿಲ್ಲ. ದಂಡದ ಮೊತ್ತ ಎಲ್ಲಿ ಎಂದು ಕೇಳಿದಳು, ತೋರಿಸಿದೆ. ಇರ್ಲಿ ಬಿಡ್ರಿ, ಅದೂ ನಂದೇ ಅಂದಳು.

ಆ ಸಂಜೆ ಡೈರಿಯ ಮೊದಲ ಪುಟದಲ್ಲಿ, ದೇವರ ಹೆಸರಿನ ಕೆಳಗೆ, ಯಾರ ಕಂತನ್ನೂ ನಾನು ಕಟ್ಟಬಾರದು ಎಂದು ಬರೆದೆ. ಆಗ ಬರೆಯದಿದ್ದರೆ ಇನ್ನೆಂದೂ ಬರೆಯುತ್ತಿರಲಿಲ್ಲ. ಯಜಮಾನರಿಗೂ ಸಾವಿರದ ವಿಷಯ ಹೇಳಿಬಿಟ್ಟೆ. ಅದಕ್ಕೇನಾ ಎರಡು ತಿಂಗಳು ಬರೀ ಬದನೆಕಾಯಿ ತಿನ್ನಿಸಿದ್ದು ಎಂದರು, ಅಷ್ಟೇ.

ಆದರೆ ಮುಂದಿನ ಮಳೆಗಾಲ ಇದ್ದೇ ಇತ್ತಲ್ಲ. ಫೆಬ್ರವರಿಯ ಒಂದು ಗುರುವಾರ ಎಲ್ಲರ ಮುಂದೆ ಆ ಮಾತು ತೆಗೆದೆ. ಜರಡಿಯವಳು ಮೂಗಿನ ಸೆರಗು ಇಳಿಸಿ, ಮಳೆಗಾಲಕ್ಕೆ ಅಂತ ಸಾಹುಕಾರ್ರು ಈಗ್ಲೇ ಹೊಟ್ಟು ತುಂಬಿಸಲ್ವೇನ್ರಿ ಎಂದಳು. ನಿಜ. ಭಟ್ಟಿ ಉರಿಯುವುದು ಭತ್ತದ ಹೊಟ್ಟಿನಿಂದ, ನೆನೆದ ಹೊಟ್ಟು ಉರಿಯುವುದಿಲ್ಲ. ಅದಕ್ಕಾಗಿ ಬೇಸಿಗೆಯಲ್ಲೇ ಶೆಡ್ಡಿನ ತೊಲೆ ಮುಟ್ಟುವಷ್ಟು ಪೇರಿಸುತ್ತಾರೆ. ಹದಿನಾರು ವರ್ಷ ಆ ಗುಡ್ಡೆಯ ಪಕ್ಕದಲ್ಲೇ ಅವಳು ನಿಂತಿದ್ದಳು, ಒಂದು ವರ್ಷದಿಂದ ನಾನೂ ಅದಕ್ಕೇ ಒರಗಿ ಕೂರುತ್ತಿದ್ದೆ.

ಮೇಡಂ ಹತ್ತಿರ ಕೇಳಿದೆ. ಮುಂಗಡ ಕಂತು ಕಟ್ಟಲು ಯಾವ ಅಡ್ಡಿಯೂ ಇಲ್ಲ, ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಸ್ವಲ್ಪ ರಿಯಾಯಿತಿಯೂ ಇದೆ ಎಂದರು. ಅಷ್ಟು ಒಟ್ಟಿಗೆ ಕಟ್ಟುವವರು ನಮ್ಮ ಸಾಲಿನಲ್ಲಿ ಇಬ್ಬರೇ. ಉಳಿದವರು ಚೀಲ ಹೆಚ್ಚು ಬೀಳುವ ನಾಲ್ಕು ತಿಂಗಳು ಗುರುವಾರಕ್ಕೆ ನೂರಿಪ್ಪತ್ತೈದರ ಬದಲು ಇನ್ನೂರೈವತ್ತು ಕೊಡತೊಡಗಿದರು. ಒಂದೆರಡು ವಾರ ತಪ್ಪಿತು, ಒಬ್ಬಳು ಮಗಳ ಸೀಮಂತಕ್ಕೆಂದು ಬಿಟ್ಟೇಬಿಟ್ಟಳು. ಜರಡಿಯವಳು ತಪ್ಪಲಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಗುರುವಾರ ಅಭ್ಯಾಸಬಲದಿಂದ ಕೊಡೆ ಹಿಡಿದು ಭಟ್ಟಿಗೆ ಹೋದೆ. ಒಲೆ ಆರಿತ್ತು, ಜರಡಿ ಗೋಡೆಗೆ ತೂಗುಹಾಕಿತ್ತು. ಆಪಾ ಹರಿದ ಚೀಲಕ್ಕೆ ತೇಪೆ ಹಾಕುತ್ತಿದ್ದರು. ಅವಳು ಹೊಸ್ತಿಲ ಮೇಲೆ ಕೂತು ಮಳೆ ನೋಡುತ್ತಿದ್ದಳು, ಮೂಗಿಗೆ ಸೆರಗಿರಲಿಲ್ಲ. ಕೆಮ್ಮು ಇತ್ತು, ಸ್ವಲ್ಪ ಕಡಿಮೆ. ಪುಸ್ತಕದಲ್ಲಿ ಸೆಪ್ಟೆಂಬರ್‌ವರೆಗೆ ತುಂಬಿತ್ತು, ಕೇಳಲು ನನಗೆ ಏನೂ ಇರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ.

“ಅಕ್ಕಾರೆ, ಗಾಡಿಗೆ ಮೂರು ಚಕ್ರ ಹಾಕ್ಸಾದ್ ಚಲೋನೋ, ನಾಲ್ಕೋ?” ಎಂದು ಕೇಳಿದಳು. “ಮೂರಾದ್ರೆ ತಿರುವಿನಾಗ ಹಗೂರ ಅಂತಾಳ ನಮ್ ತಂಗಿ.”

ಇನ್ನೂ ಮೂರು ವರ್ಷದ ಮೇಲಿದೆ, ಆಗ ನೋಡೋಣ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕುದಿಯುವ ಎಣ್ಣೆಯ ಬಾಣಲೆ ಇಡುವ ಗಾಡಿ ಅಲ್ಲವೇ, ಅಲುಗಾಡಬಾರದು, ನಾಲ್ಕೇ ಇರಲಿ ಎಂದೆ. ಆಪಾ ಮೂರು ಎಂದರು. ಮಳೆ ನಿಲ್ಲುವವರೆಗೆ ಅದೇ ಮಾತು ನಡೆಯಿತು.

ಮನೆಗೆ ಬಂದು ಡೈರಿ ಬರೆದೆ. ಗುರುವಾರ, ಮಳೆ. ಬಸ್ಸಿಗೆ ಹೋಗಿ ಬರಲು ಮೂವತ್ತು. ಭಟ್ಟಿ ಬಂದ್. ಎತ್ತಿದ ಕಂತು ಇಲ್ಲ. ಬಾಕಿ ಇಲ್ಲ.